ಅರುಣಾಚಲದ ಸುತ್ತ, ‘ಯಾರಿಗೆ?’ ಅಂತ ಕೇಳ್ಕೊಳ್ತಾ

ಚೆಂಗಂ ದಾಟಿದ್ಮೇಲೆ ಬಸ್ಸಿನ ಕಿಟಕೀಲಿ ಅರುಣಾಚಲ, ತಮಿಳುನಾಡಿನ ತಿರುವಣ್ಣಾಮಲೈ ಊರಿನ ಬೆಟ್ಟ, ಕಾಣೋಕೆ ಶುರುವಾಗುತ್ತೆ. ಎತ್ತರ ನೋಡಿದ್ರೆ 800 ಮೀಟರ್ ಚಿಲ್ಲರೆ ಅಷ್ಟೆ, ನಮ್ಮ ಪಶ್ಚಿಮಘಟ್ಟದ ಬೆಟ್ಟಗಳ ಮುಂದೆ ದೊಡ್ಡದೇನಲ್ಲ, ಆದ್ರೆ ಸುತ್ತ ಬಯಲು ಮಧ್ಯೆ ಇದೊಂದೇ ಎದ್ದು ನಿಂತಿರೋದ್ರಿಂದ ಕಣ್ಣು ಬೇರೆ ಕಡೆ ಹೋಗೋದೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಸೋದರಮಾವ ಚಪ್ಪಲಿ ಬಿಟ್ಟು ಕೂತಲ್ಲೇ ಕೈ ಮುಗಿದ್ರು. ಮಾವ ಭಕ್ತಿಯ ದಾರಿಯವರು, ದಿನಾ ಪಂಚಾಕ್ಷರಿ ಜಪ ಇಲ್ದೆ ಊಟಕ್ಕೆ ಕೂರಲ್ಲ, ಅವರಿಗೆ ಗಿರಿಪ್ರದಕ್ಷಿಣೆ ಆಗ್ಬೇಕಿತ್ತು. ನನಗೆ ರಮಣ ಮಹರ್ಷಿಗಳು ಹೇಳಿದ ಆತ್ಮವಿಚಾರಾನ, ಅಂದ್ರೆ ‘ನಾನು ಯಾರು’ ಅಂತ ಒಳಗೇ ನೋಡ್ಕೊಳ್ಳೋದನ್ನ, ಅವರಿದ್ದ ಜಾಗದಲ್ಲೇ ಒಂದಷ್ಟು ಹೊತ್ತು ಕೂತು ಮಾಡ್ಬೇಕಿತ್ತು. ಇಬ್ಬರ ಕೆಲಸಾನೂ ಬೇರೆ ಬೇರೆ ಅಂತ ಹೊರಟಾಗ ಅಂದ್ಕೊಂಡಿದ್ವಿ.

ಈ ಊರಿಗೆ ಬರೋ ದಾರೀಲಿ ಆ ಹುಡುಗನ ಪ್ರಯಾಣ ನೆನಪಾಗದೆ ಇರಲ್ಲ ನೋಡಿ. 1896ರ ಜುಲೈ, ಮಧುರೈಯಲ್ಲಿ ಚಿಕ್ಕಪ್ಪನ ಮನೆ, ಹದಿನಾರು ವರ್ಷದ ವೆಂಕಟರಾಮನ್ (ಮುಂದೆ ರಮಣ ಮಹರ್ಷಿ ಆದವನು ಇವನೇ), ಮೈಯಲ್ಲಿ ಯಾವ ಕಾಯಿಲೇನೂ ಇಲ್ಲ, ಇದ್ದಕ್ಕಿದ್ದಂಗೆ ಸಾಯ್ತೀನಿ ಅನ್ನೋ ಭಯ ಬರುತ್ತೆ. ಬೇರೆ ಯಾರಾದ್ರೂ ಆಗಿದ್ರೆ ಡಾಕ್ಟರ್ ಹತ್ರ ಓಡ್ತಿದ್ರು, ಇವನು ಹೆಣದ ಥರ ಕೈಕಾಲು ಸೆಟೆದು ನೆಲದ ಮೇಲೆ ಮಲಗಿ, ಸರಿ ಈ ದೇಹ ಸತ್ತೋಯ್ತು, ಸ್ಮಶಾನಕ್ಕೆ ತಗೊಂಡ್ಹೋಗಿ ಸುಡ್ತಾರೆ, ಆಗ ‘ನಾನು’ ಸತ್ತೋದ್ನಾ, ಅಂತ ಒಳಗೇ ನೋಡಿಬಿಟ್ಟ. ಯಾವ ಗುರುವೂ ಹೇಳ್ಕೊಟ್ಟಿದ್ದಲ್ಲ. ಆರು ವಾರದಲ್ಲಿ ಮನೆ ಬಿಟ್ಟ, ಅಣ್ಣನ ಕಾಲೇಜ್ ಫೀಸಿಗೆ ಕೊಟ್ಟಿದ್ದ ಐದು ರೂಪಾಯೀಲಿ ಮೂರು ತಗೊಂಡು ಎರಡನ್ನ ಚೀಟಿ ಜೊತೆ ಇಟ್ಟು ಹೊರಟ. ಆ ಚೀಟಿಗೆ ಸಹಿ ಕೂಡ ಇಲ್ಲ. ರೈಲು, ಆಮೇಲೆ ನಡಿಗೆ, ದುಡ್ಡು ಸಾಲದೆ ಕಿವಿಯ ಕಡಕು ಅಡ ಇಟ್ಟು, ಸೆಪ್ಟೆಂಬರ್ 1ಕ್ಕೆ ತಿರುವಣ್ಣಾಮಲೈ ತಲುಪಿದ. ಅಲ್ಲಿಂದ 1950ರ ಏಪ್ರಿಲ್ 14ರಂದು ದೇಹ ಬಿಡೋ ತನಕ ಈ ಊರು ಬಿಟ್ಟು ಎಲ್ಲೂ ಹೋಗ್ಲಿಲ್ಲ.

ನಾವು ಚೆಂಗಂ ರಸ್ತೇಲೇ ರಮಣಾಶ್ರಮದ ಹತ್ರ ಇಳಿದ್ವಿ. ಒಳಗೆ ಕಾಲಿಟ್ರೆ ನವಿಲುಗಳು, ಕೋತಿಗಳು, ದೊಡ್ಡ ದೊಡ್ಡ ಮರ. ಸಮಾಧಿ ಹಾಲ್, ಪಕ್ಕದಲ್ಲೇ ಮಹರ್ಷಿಗಳ ತಾಯಿ ಅಳಗಮ್ಮನವರ ಸಮಾಧಿ ಮೇಲೆ ಕಟ್ಟಿರೋ ಮಾತೃಭೂತೇಶ್ವರ ಗುಡಿ. ಅಸಲಿಗೆ ಆಶ್ರಮ ಬೆಳೆದಿದ್ದೇ ಆ ತಾಯಿ ಸಮಾಧಿ ಸುತ್ತ, 1922ರಲ್ಲಿ ಅವರು ತೀರ್ಕೊಂಡ ಮೇಲೆ ಮಹರ್ಷಿಗಳು ಬೆಟ್ಟದಿಂದ ಕೆಳಗಿಳಿದು ಇಲ್ಲೇ ಉಳಿದ್ರು. ಆಕಡೆ ಲಕ್ಷ್ಮಿ ಅನ್ನೋ ಹಸುವಿನ ಸಮಾಧಿ ಇದೆ, ಜಿಂಕೆ, ಕಾಗೆ, ನಾಯಿಗೂ ಇದೆ. ಮಾವ ಲಕ್ಷ್ಮಿ ಸಮಾಧಿ ಮುಂದೆ ತುಂಬಾ ಹೊತ್ತು ನಿಂತಿದ್ರು.

ನಾನು ನೇರ ಹಳೇ ಹಾಲ್‌ಗೆ ಹೋದೆ. ಚಿಕ್ಕ ಕೋಣೆ ಅದು, ಮಹರ್ಷಿಗಳು ಎಷ್ಟೋ ವರ್ಷ ಹಗಲೂ ರಾತ್ರಿ ಇದ್ದ ಜಾಗ, ಅವರು ಕೂರ್ತಿದ್ದ ಸೋಫಾ ಮೇಲೆ ಈಗ ಅವರ ಫೋಟೋ ಇದೆ. ಮಾತಿಲ್ಲ, ಫೋನಿಲ್ಲ, ಎಲ್ಲ ದೇಶದವರೂ ಗೋಡೆಗೆ ಒರಗಿ ಕಣ್ಮುಚ್ಚಿ ಕೂತಿರ್ತಾರೆ. ಇಂಥ ಜಾಗಕ್ಕೆ ಬಂದ ತಕ್ಷಣ ಏನೋ ಆಗ್ಬೇಕು ಅಂತ ಮನಸ್ಸು ಕಾಯೋಕೆ ಶುರು ಮಾಡುತ್ತೆ, ಬೆಳಕು ಕಾಣ್ಬೋದು, ಮೈ ಜುಮ್ಮನ್ಬೋದು ಅಂತ. ವಿಚಾರ ಶುರುವಾಗ್ಬೇಕಾದ್ದು ಅಲ್ಲೇ. ಈ ಕಾಯೋದು ಯಾರಿಗೆ? ನನಗೆ. ಈ ‘ನನಗೆ’ ಅನ್ನೋದು ಎಲ್ಲಿಂದ ಎದ್ದಿತು?

1902ರ ಸುಮಾರಿಗೆ ಶಿವಪ್ರಕಾಶಂ ಪಿಳ್ಳೈ ಅಂತ ರೆವಿನ್ಯೂ ಇಲಾಖೇಲಿದ್ದ ಒಬ್ಬರು ಬೆಟ್ಟದ ಮೇಲಿನ ಗುಹೆಗೆ ಹೋಗಿ ಪ್ರಶ್ನೆ ಕೇಳಿದಾಗ, ಮೌನದಲ್ಲಿದ್ದ ಯುವಕ ರಮಣರು ಬರೆದು ತೋರಿಸಿದ ಉತ್ತರಗಳೇ ಮುಂದೆ ‘ನಾನು ಯಾರು’ ಅನ್ನೋ ಪುಟ್ಟ ಪುಸ್ತಕ ಆಗಿದ್ದು. ಅದರಲ್ಲಿರೋ ವಿಧಾನ ಇಷ್ಟೇ. ಎಷ್ಟು ಯೋಚನೆ ಬಂದ್ರೂ ಅದನ್ನ ಓಡಿಸೋಕೆ ಹೋಗ್ಬೇಡ, ಮುಂದುವರಿಸ್ಲೂ ಬೇಡ, ಬಂದಿದ್ದು ಯಾರಿಗೆ ಅಂತ ನೋಡು, ನನಗೆ ಅಂತ ಹೊಳೆಯುತ್ತೆ, ಆಗ ನಾನು ಯಾರು ಅಂತ ವಿಚಾರಿಸಿದ್ರೆ ಮನಸ್ಸು ತಾನು ಹುಟ್ಟಿದ ಜಾಗಕ್ಕೆ ವಾಪಸ್ ಹೋಗುತ್ತೆ, ಎದ್ದ ಯೋಚನೇನೂ ಅಡಗುತ್ತೆ. ಕೊನೆಗೆ ಚಿತೆ ಕೆದಕೋ ಕೋಲು ತಾನೂ ಸುಟ್ಟೋಗೋ ಹಾಗೆ ಈ ‘ನಾನು ಯಾರು’ ಅನ್ನೋ ಯೋಚನೇನೂ ಸುಟ್ಟೋಗುತ್ತೆ. ಬಹಳ ಜನ ಇದನ್ನ ಮಂತ್ರದ ಥರ ಜಪ ಮಾಡ್ತಾರೆ, ನಾನು ಯಾರು ನಾನು ಯಾರು ಅಂತ. ಮಹರ್ಷಿಗಳು ಹೇಳಿದ ವಿಚಾರ ಅದಲ್ಲ. ಇನ್ನು ಕೆಲವರು ನಾನು ದೇಹ ಅಲ್ಲ, ನಾನು ಬ್ರಹ್ಮ ಅಂತ ತಲೇಲಿ ಉತ್ತರ ರೆಡಿ ಮಾಡ್ಕೊಂಡು ಕೂರ್ತಾರೆ, ಅದೂ ಇನ್ನೊಂದು ಯೋಚನೆ ತಾನೇ. ಇಲ್ಲಿ ಮಾಡೋದು ಗಮನಾನ ತಿರುಗಿಸೋದು ಅಷ್ಟೆ, ಕಾಣೋ ವಸ್ತುವಿಂದ ಬಿಡಿಸಿ, ನೋಡ್ತಿರೋ ‘ನಾನು’ ಅನ್ನೋ ಆ ಬರೀ ಇರುವಿನ ಕಡೆಗೆ. ತಿರುಗಿದ ಕ್ಷಣ ಸಿಗೋಕೆ ಅಲ್ಲಿ ಏನೂ ಇರಲ್ಲ, ಆದ್ರೆ ನಾನಿಲ್ಲ ಅಂತಾನೂ ಅನ್ನೋಕಾಗಲ್ಲ. ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತೋ ಅಷ್ಟು, ಜಾರಿದ್ರೆ ಮತ್ತೆ ಯಾರಿಗೆ.

ಮಧ್ಯಾಹ್ನ ಎಲ್ಲರ ಜೊತೆ ನೆಲದ ಮೇಲೆ ಎಲೆ ಹಾಕ್ಕೊಂಡು ಊಟ ಆಯ್ತು. ಆಮೇಲೆ ಮರದ ಕೆಳಗೆ ಕೂತಿದ್ದಾಗ ಮಾವ ಕೇಳಿದ್ರು, ‘ಅಲ್ಲ ಕಣೋ, ನಾನು ಯಾರು ಅಂತ ಕಣ್ಮುಚ್ಕೊಂಡು ಕೂತ್ರೆ ಉತ್ತರ ಯಾರು ಕೊಡ್ತಾರೆ? ದೇವರು ಬಂದು ಹೇಳ್ತಾನಾ?’

‘ಉತ್ತರ ಬರೋದಿಲ್ಲ ಮಾವ, ಕೇಳ್ತಿರೋನು ಎಲ್ಲಿಂದ ಎದ್ದ ಅಂತ ನೋಡೋದಷ್ಟೆ.’

‘ನೋಡೋನು ಯಾರು ಹಾಗಾದ್ರೆ?’

‘ಅದೇ ಪ್ರಶ್ನೆ ಮಾವ, ಅಲ್ಲೇ ನಿಲ್ಲಿ, ಮುಂದೆ ಹೋಗ್ಬೇಡಿ’ ಅಂದೆ. ಅವರು ಸುಮ್ನಾದ್ರು.

ಮಾರನೇ ದಿನ ಬೆಳಗ್ಗೆ ಆಶ್ರಮದ ಹಿಂದಿನ ಗೇಟಿಂದ ಸ್ಕಂದಾಶ್ರಮದ ದಾರಿ ಹಿಡಿದ್ವಿ. ಕಲ್ಲು ಹಾಸಿದ ದಾರಿ, ಆರಾಮಾಗಿ ಹತ್ತಿದ್ರೆ ಮುಕ್ಕಾಲು ಗಂಟೆ. ಒಂದು ತಿರುವಿನಲ್ಲಿ ಕೆಳಗೆ ಅಣ್ಣಾಮಲೈಯಾರ್ ದೇವಸ್ಥಾನ ಪೂರ್ತಿ ಕಾಣುತ್ತೆ, ನಾಲ್ಕೂ ಗೋಪುರ, ಪ್ರಾಕಾರ, ಕೊಳ. 1916ರಿಂದ 1922ರ ತನಕ ಮಹರ್ಷಿಗಳು ಈ ಸ್ಕಂದಾಶ್ರಮದಲ್ಲಿದ್ರು, ಅದಕ್ಕೂ ಮುಂಚೆ 1899ರಿಂದ ಸ್ವಲ್ಪ ಕೆಳಗಿರೋ ವಿರೂಪಾಕ್ಷ ಗುಹೇಲಿ. ನನಗೆ ಇಡೀ ಟ್ರಿಪ್‌ನಲ್ಲಿ ಮನಸ್ಸಿಗೆ ಹಿಡಿದಿದ್ದು ಆ ಗುಹೆ. ಒಳಗೆ ಸೆಕೆ, ಕತ್ತಲು, ಗಾಳಿ ಕಮ್ಮಿ, ಮಧ್ಯೆ ವಿಭೂತಿ ಹಚ್ಚಿದ ಸಮಾಧಿ, ಅಲ್ಲಿ ಕೂತವರ ಉಸಿರು ಬಿಟ್ರೆ ಬೇರೆ ಸದ್ದಿಲ್ಲ. ಇನ್ನೂ ಕೆಳಗೆ ಗುಹೈ ನಮಶಿವಾಯರ ಜಾಗ ಬರುತ್ತೆ, ಅವರು ಕನ್ನಡ ನಾಡಿಂದ ಬಂದ ವೀರಶೈವ ಸಂತರು ಅಂತ ಹೇಳ್ತಾರೆ, ಅದನ್ನ ಕೇಳಿದ ಮಾವನ ಮುಖ ನೋಡ್ಬೇಕಿತ್ತು.

ಗುಹೇಲಿ ಕೂತಾಗ ಒಂದು ಹಂತದಲ್ಲಿ ಯೋಚನೆ ಎಲ್ಲ ನಿಂತು ಪೂರ್ತಿ ಖಾಲಿ ಆಯ್ತು, ಹಿತವಾದ ಖಾಲಿ, ಅಲ್ಲೇ ಇದ್ಬಿಡೋಣ ಅನ್ಸೋ ಅಂಥದ್ದು. ಇದರ ಬಗ್ಗೆ ಮಹರ್ಷಿಗಳು ಹೇಳ್ತಿದ್ದ ಒಂದು ಕಥೆ ಇದೆ. ಗಂಗೆ ದಡದಲ್ಲಿ ಒಬ್ಬ ಯೋಗಿ, ಸಮಾಧಿಯಿಂದ ಎದ್ದವನು ಶಿಷ್ಯನಿಗೆ ನೀರು ತಾ ಅಂತ ಹೇಳಿ, ಅವನು ತರೋಷ್ಟರಲ್ಲಿ ಮತ್ತೆ ಸಮಾಧಿಗೆ ಹೋಗ್ಬಿಡ್ತಾನೆ. ನೂರಾರು ವರ್ಷ ಕಳೆಯುತ್ತೆ, ಶಿಷ್ಯನೂ ಇಲ್ಲ, ಗಂಗೇನೂ ಹರಿಯೋ ದಾರಿ ಬದಲಿಸಿದ್ದಾಳೆ, ಎಚ್ಚರ ಆದ ತಕ್ಷಣ ಅವನ ಬಾಯಲ್ಲಿ ಬರೋ ಮೊದಲ ಮಾತು ‘ನೀರು’. ಮನಸ್ಸು ಅಷ್ಟೂ ವರ್ಷ ಅಡಗಿತ್ತು ಅಷ್ಟೆ, ಹೋಗಿರ್ಲಿಲ್ಲ. ಲಯ ಬೇರೆ, ನಾಶ ಬೇರೆ, ಉಸಿರು ಹಿಡಿದು ಬರೋ ಶಾಂತಿ ಕೂಡ ಲಯಾನೇ, ಅದು ದಾರೀಲಿ ಸಿಗೋ ನಿಲ್ದಾಣ. ಹಂಗಾಗಿ ಖಾಲಿ ಬಂದಾಗ್ಲೂ ಕೇಳ್ಬೇಕು, ಈ ಖಾಲಿ ಗೊತ್ತಾಗ್ತಿರೋದು ಯಾರಿಗೆ? ಕೇಳಿದಾಗ ಆ ಮಂಪರಿನ ಹಿತ ಹೋಯ್ತು, ಬದಲಿಗೆ ತುಂಬಾ ಚುರುಕಾದ ಎಚ್ಚರ ಬಂತು, ಬೆನ್ನು ತಾನಾಗೇ ನೆಟ್ಟಗಾಯ್ತು. ಧ್ಯಾನ ಮಾಡೋರಿಗೆ ನಾನು ಕೈ ಹಿಡಿದು ಹೇಳೋ ಮಾತಿದು, ನಿದ್ದೆ ಥರದ ಶಾಂತೀನ ಸಾಧನೆ ಅಂತ ದಯವಿಟ್ಟು ಸಾಕ್ಕೋಬೇಡಿ, ವರ್ಷಗಟ್ಟಲೆ ಅಲ್ಲೇ ಕೂತಿರೋರು ಇದ್ದಾರೆ.

ಗಿರಿಪ್ರದಕ್ಷಿಣೆಗೆ ಹುಣ್ಣಿಮೆ ಬಿಟ್ಟು ಬೇರೆ ದಿನ ಹೊರಟ್ವಿ, ಹುಣ್ಣಿಮೇಲಿ ಲಕ್ಷಗಟ್ಟಲೆ ಜನ ಸೇರ್ತಾರೆ. ಬೆಳಕು ಹರಿಯೋಕೆ ಮುಂಚೆ, ಬರಿಗಾಲು, 14 ಕಿಲೋಮೀಟರ್. ಯಮಲಿಂಗ, ನಿರುತಿಲಿಂಗ, ವರುಣಲಿಂಗ ಹೀಗೆ ಎಂಟು ದಿಕ್ಕಿನ ಲಿಂಗಗಳಿಗೂ ಮಾವ ನಿಂತು ನಮಸ್ಕಾರ ಮಾಡ್ತಾ ಬಾಯಲ್ಲಿ ‘ಅರುಣಾಚಲ ಶಿವ’ ಹೇಳ್ಕೊಂಡು ನಡೆದ್ರು. ನಾನು ನಡಿಗೇಲೇ ವಿಚಾರ ಹಿಡಿದೆ, ಕಾಲು ನಡೀತಿದೆ, ಅದು ಗೊತ್ತಾಗ್ತಿದೆ, ಗೊತ್ತಾಗ್ತಿರೋದು ಯಾರಿಗೆ. ಕುಬೇರಲಿಂಗದ ಹತ್ರ ಬರೋಷ್ಟರಲ್ಲಿ ಟಾರ್ ರಸ್ತೆ ಕಾದು ಮಂಡಿ ನೋವು ಜೋರಾಯ್ತು. ಯಾರಿಗೆ ನೋವು ಅಂತ ಕೇಳಿದ್ರೆ ನೋವು ಹೋಗಲ್ಲ, ಅದು ದೇಹದ್ದು, ಇದ್ದೇ ಇರುತ್ತೆ. ಆದ್ರೆ ನೋವಿನ ಹಿಂದೇನೇ ಸಾಲುಗಟ್ಟಿ ಬರುತ್ತಲ್ಲ, ಇನ್ನೆಷ್ಟು ದೂರ, ನನಗ್ಯಾಕೆ ಬೇಕಿತ್ತು, ವಯಸ್ಸಾಯ್ತು, ನಾಳೆ ಏಳೋಕಾಗುತ್ತೋ ಇಲ್ವೋ, ಆ ಸಾಲು ಕಡಿದೋಗುತ್ತೆ. ಬರೀ ನೋವು ಉಳಿಯುತ್ತೆ, ಅದು ನಾವಂದ್ಕೊಂಡಷ್ಟು ದೊಡ್ಡದಲ್ಲ.

ಅಲ್ಲೊಂದು ಕಟ್ಟೆ ಮೇಲೆ ಕೂತಾಗ ಮಾವ ತಾವಾಗೇ ಮಾತು ತೆಗೆದ್ರು. ‘ನೀನು ಹೇಳಿದ್ದು ಯೋಚನೆ ಮಾಡ್ದೆ ಕಣೋ. ನಂದು ಹಂಗಲ್ಲ. ನಡೀತಾ ನಡೀತಾ ಎಲ್ಲ ನೀನೇ ಶಿವಾ ಅಂತೀನಿ. ಎಲ್ಲ ಅವನೇ ಆದ್ಮೇಲೆ ನಾನು ಅನ್ನೋನು ಎಲ್ಲಿ ಉಳಿದ? ಹುಡುಕೋಕೆ ಯಾರಿದ್ದಾನೆ?’ ನಾನು ಅವರ ಕಾಲು ಮುಟ್ಟಿ ನಮಸ್ಕಾರ ಮಾಡ್ದೆ, ಇನ್ನೇನು ಮಾಡ್ಲಿ ಹೇಳಿ. ಮಹರ್ಷಿಗಳು ಹೇಳಿದ್ದೂ ಎರಡೇ ದಾರಿ, ‘ನಾನು’ ಎಲ್ಲಿಂದ ಎದ್ದಿತು ಅಂತ ವಿಚಾರಿಸು, ಇಲ್ಲಾ ಆ ‘ನಾನು’ ಅನ್ನೋದನ್ನ ಪೂರ್ತಿ ಒಪ್ಪಿಸಿಬಿಡು. ಅರ್ಧ ಒಪ್ಪಿಸೋದು ಅಂತ ಇಲ್ಲ. ನಾನು ಓದಿ ತಿಳ್ಕೊಂಡಿದ್ದು ಮಾವನಿಗೆ ಜಪದಲ್ಲೇ ಬಂದಿತ್ತು.

ಸಂಜೆ ಬೆಟ್ಟದಿಂದ ಕಂಡಿದ್ದ ಆ ಅಣ್ಣಾಮಲೈಯಾರ್ ದೇವಸ್ಥಾನ. ಪೂರ್ವದ 11 ಅಂತಸ್ತಿನ ರಾಜಗೋಪುರ ಕಟ್ಟೋಕೆ ಶುರು ಮಾಡಿದ್ದು ನಮ್ಮ ಕೃಷ್ಣದೇವರಾಯ, ಒಳಗೆ ಹೊಯ್ಸಳರ ಮೂರನೇ ವೀರಬಲ್ಲಾಳನ ಹೆಸರಿನ ಗೋಪುರಾನೂ ಇದೆ, ದಾಳಿಗಳ ಕಾಲದಲ್ಲಿ ಅವನು ಇದೇ ಊರನ್ನ ರಾಜಧಾನಿ ಮಾಡ್ಕೊಂಡಿದ್ದ. ಮಕ್ಕಳಿಲ್ಲದ ಆ ರಾಜನಿಗೆ ದೇವರೇ ಮಗನಾಗಿ ಪ್ರತಿವರ್ಷ ತಿಥಿ ಮಾಡ್ತಾನೆ ಅಂತ ಇಲ್ಲಿನ ನಂಬಿಕೆ. ಸಾವಿರ ಕಂಬದ ಮಂಟಪದ ಕೆಳಗೆ ಪಾತಾಳಲಿಂಗ, ಊರಿಗೆ ಬಂದ ಹೊಸದರಲ್ಲಿ ಹುಡುಗ ರಮಣ ಹುಳ ಕಚ್ಚಿ ತೊಡೆ ಗಾಯ ಆದ್ರೂ ಎಚ್ಚರ ಇಲ್ದೆ ಕೂತಿದ್ದು ಅಲ್ಲೇ.

ದರ್ಶನದ ಸಾಲು ಉದ್ದ ಇತ್ತು, ತಳ್ಳಾಟ, ಹಿಂದಿನವರ ಮೊಣಕೈ ಬೆನ್ನಿಗೆ ತಾಗಿ ಸಿಟ್ಟು ಬಂತು. ಸಿಟ್ಟು ಯಾರಿಗೆ ಅಂತ ನೋಡ್ದೆ. ನಿಜ ಹೇಳ್ತೀನಿ, ಹಳೇ ಹಾಲ್‌ನಲ್ಲಿ ಅಷ್ಟು ಹೊತ್ತು ಕೂತಾಗ ಸಿಗದಷ್ಟು ಸ್ಪಷ್ಟವಾಗಿ ಆ ‘ನಾನು’ ಅಲ್ಲಿ ಸಿಕ್ತು, ಯಾಕಂದ್ರೆ ಸಿಟ್ಟಲ್ಲಿ ಅದು ತಲೆ ಎತ್ತಿ ನಿಂತಿರುತ್ತೆ, ಅಡಗಿರಲ್ಲ. ನೋಡಿದ ತಕ್ಷಣ ನಿಲ್ಲೋಕೆ ಅದಕ್ಕೆ ಜಾಗಾನೇ ಇಲ್ಲ. ಬೆನ್ನಿಗೆ ಮೊಣಕೈ ಹಾಗೇ ಇತ್ತು.

ಹೋಗೋರಿಗೆ ಒಂದೆರಡು ಮಾತು. ಆಶ್ರಮದಲ್ಲಿ ಉಳ್ಕೋಬೇಕು ಅಂದ್ರೆ ಬಹಳ ಮುಂಚೆಯೇ ಬರೆದು ಕೇಳ್ಬೇಕು, ಇಲ್ಲಾಂದ್ರೆ ಹೊರಗೆ ರೂಮ್ ನೋಡ್ಕೊಳ್ಳಿ. ಬೆಳಗ್ಗೆ ಮತ್ತೆ ಸಂಜೆ ವೇದಪಾರಾಯಣ ಇರುತ್ತೆ, ಅದನ್ನ ತಪ್ಪಿಸ್ಕೋಬೇಡಿ. ‘ನಾನು ಯಾರು’ ಕನ್ನಡದಲ್ಲೂ ಸಿಗುತ್ತೆ, ತೆಳ್ಳಗಿನ ಪುಸ್ತಕ, ಒಂದೇ ಕೂತಲ್ಲಿ ಓದಿ ಮುಗಿಸಿ ಆಮೇಲೆ ಬೆಟ್ಟ ಹತ್ತಿ. ಹತ್ತುವಾಗ ನೀರು ಇಟ್ಕೊಳ್ಳಿ, ಕೈಯಲ್ಲಿ ತಿಂಡಿ ಕವರ್ ಬೇಡ, ಕೋತಿಗಳು ಬಿಡಲ್ಲ. ವಿರೂಪಾಕ್ಷ ಗುಹೆಗೆ ಬಿಸಿಲೇರೋಕೆ ಮುಂಚೆ ಹೋದ್ರೆ ಕೂರೋಕೆ ಜಾಗ ಸಿಗುತ್ತೆ.