ಮಳೆ ಮಾರನೇ ದಿನದ ಕೆರೆ

ರಾತ್ರಿ ವರ್ಷದ ಮೊದಲ ಜೋರು ಮಳೆ. ಬೆಂಗಳೂರಿನ ಕೆರೆಗಳಿಗೆ ಇದು ಗಂಡಾಂತರದ ಹೊತ್ತು. ಬೇಸಿಗೆಯಿಡೀ ರಾಜಕಾಲುವೆಯಲ್ಲಿ ಕೊಳೆತು ಕೂತಿದ್ದೆಲ್ಲ ಒಂದೇ ಸಲ ಒಳಗೆ ನುಗ್ಗುತ್ತದೆ.

ಬೆಳಕು ಹರಿಯುವ ಮುಂಚೆಯೇ, ನೀರಲ್ಲಿ ಕರಗಿರೋ ಆಮ್ಲಜನಕ ನೋಡುವ ಟೆಸ್ಟ್ ಕಿಟ್ ಹಿಡಿದು ನಮ್ಮ ಕೆರೆಗೆ ಹೋದೆ. ಅಷ್ಟು ಬೇಗ ಯಾಕೆ ಅಂದ್ರೆ, ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಹೀರುತ್ತದೆ. ಸೂರ್ಯ ಹುಟ್ಟುವ ಮುಂಚೆ ನೀರಲ್ಲಿ ಅದು ತೀರಾ ಕಡಿಮೆ. ಮಧ್ಯಾಹ್ನ ಅಳೆದರೆ ಅದೇ ಕೆರೆ ಚೆನ್ನಾಗಿರೋ ಹಾಗೆ ಕಾಣುತ್ತದೆ.

ಕಾಲುವೆ ಬಂದು ಸೇರುವಲ್ಲಿ ಬಾಟಲಿಗೆ ಒಂದು ಗುಳ್ಳೆಯೂ ಇಲ್ಲದ ಹಾಗೆ ನೀರು ತುಂಬಿದೆ. ಎರಡು ದ್ರಾವಣ ಹನಿಸಿ, ಮುಚ್ಚಳ ಹಾಕಿ ಅಲ್ಲಾಡಿಸಿದೆ. ಆಮ್ಲಜನಕ ಇದ್ದರೆ ಕಂದು ಗಷ್ಟು ಕೂರಬೇಕು. ಕೂತಿದ್ದು ಬೆಳ್ಳನೆ ಗಷ್ಟು. ಮೀನು ಬದುಕಲು ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕು ಅನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಇಲ್ಲಿ ಏನೂ ಇಲ್ಲ.

ಮೀನಿನ ಗುತ್ತಿಗೆಯವರಿಗೆ ಫೋನ್ ಮಾಡಿದೆ. "ಅಣ್ಣ, ಕಾಲುವೆ ಕಡೆ ನೀರು ಪೂರ್ತಿ ಕೆಟ್ಟಿದೆ."

"ಅದಕ್ಕೇ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಇವೆ ಮೇಡಂ. ಹುಡುಗರನ್ನ ಕರೀತೀನಿ."

ಬಲೆ ಬೇಗ ಬಿತ್ತು. ಆ ಮೀನು ತಿನ್ನಬಹುದಾ ಅಂತ ನನ್ನ ಬಾಟಲಿ ಹೇಳಲ್ಲ. ಅದಕ್ಕೆ ಬೇರೆ ಪರೀಕ್ಷೆಗಳೇ ಬೇಕು. ಅದನ್ನೂ ಅವರಿಗೆ ಹೇಳಿದೆ.

ಕೆರೆ ನೀರಿನ ಅಧಿಕೃತ ಪರೀಕ್ಷೆ ನಡೆಯೋದು ತಿಂಗಳಿಗೊಮ್ಮೆ. ವರದಿಯಲ್ಲಿ ಎ-ಯಿಂದ ಇ-ವರೆಗೆ ಒಂದು ದರ್ಜೆ. ವರ್ಷಗಳ ಲೆಕ್ಕ ಇಡೋಕೆ ಅದು ಬೇಕೇ ಬೇಕು. ಆದರೆ ಇವತ್ತು ಹಸುವಿಗೆ ನೀರು ಕುಡಿಸಬೇಕಾದವರಿಗೆ 'ಇ' ದರ್ಜೆ ಅಂದ್ರೆ ಏನರ್ಥ? ಹಾಗಾಗಿ ಗೇಟಿನ ಕಪ್ಪು ಹಲಗೆ ಮೇಲೆ ಸುಮ್ನೆ ಇಷ್ಟೇ ಬರೆದೆ: "ಇವತ್ತು ದನ ಇಳಿಸಬೇಡಿ. ಕಾಲುವೆ ಕಡೆ ನೀರು ಮುಟ್ಟಬೇಡಿ. ಬೆಳಿಗ್ಗೆ 6 ಗಂಟೆ."

ಹಸು ಹೊಡ್ಕೊಂಡು ಬಂದ ಅಜ್ಜಿ ಹಲಗೆ ಕಡೆ ತಿರುಗಿಯೂ ನೋಡಲಿಲ್ಲ. "ನಂಗೆಲ್ಲಿ ಓದಕ್ಕೆ ಬರುತ್ತವ್ವಾ?" ಅಂದರು. ವಾಚ್‌ಮನ್‌ ತನ್ನ ಕೆಂಪು ಟವೆಲ್ ತೆಗೆದು ಗೇಟಿಗೆ ಕಟ್ಟಿದ. "ಇದು ಇದ್ರೆ ಇಳಿಸ್ಬೇಡಿ ಅಜ್ಜಿ, ಅಷ್ಟೇ." ಇಷ್ಟು ಸುಲಭದ ಉಪಾಯ ನಮ್ಮ ಮೀಟಿಂಗುಗಳಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಜ್ಜಿ ಹಸುವನ್ನು ಬೋರ್‌ವೆಲ್ ತೊಟ್ಟಿ ಕಡೆಗೆ ತಿರುಗಿಸಿದರು.

ಅಷ್ಟರಲ್ಲಿ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು: "ಡಿಟೇಲ್ ರಿಪೋರ್ಟ್ ಪಿಡಿಎಫ್ ಮಾಡಿ ಹಾಕಿ." ಸಂಜೆ ಹಾಕಿದರಾಯಿತು ಅಂತ ಫೋನ್ ಜೇಬಿಗೆ ಇಟ್ಟು, ಇನ್ನೊಂದು ದಡದ ನೀರು ತುಂಬಿಸಲು ಹೊರಟೆ.