ಗೇಟು ಹಿಡಿಯದೆ ಏಳೋದು

ಹೋದ ವರ್ಷ ಗೌರಿ ಹಬ್ಬದ ಬೆಳಿಗ್ಗೆ ರಂಗೋಲಿ ಹಾಕಿ ಮುಗಿಸಿ ಏಳಲು ಹೋದೆ. ಆಗಲಿಲ್ಲ. ನೋವೇನೂ ಇರಲಿಲ್ಲ, ತೊಡೆಯಲ್ಲಿ ಕಸುವೇ ಇರಲಿಲ್ಲ. ಕೊನೆಗೆ ಗೇಟಿನ ಸರಳು ಹಿಡಿದು ಎದ್ದೆ. ರಂಗೋಲಿಯ ಒಂದು ಮೂಲೆ ಸೀರೆಗೆ ಬಂದಿತ್ತು.

ನನಗೀಗ 68. ಹದಿನೈದು ವರ್ಷದಿಂದ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ದಿನಾ ನಡೆಯುತ್ತೇನೆ. ಆ ಜಂಬ ಬೇರೆ!

ಫಿಸಿಯೋಥೆರಪಿ ಹುಡುಗಿ ಕುರ್ಚಿಯಲ್ಲಿ ಕೂರಿಸಿ, ಕೈ ಕಟ್ಟಿಸಿ, ಐದು ಸಲ ಎದ್ದು ಕೂರಿ ಅಂದಳು. 15 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕಾಲಿನ ಬಲ ಕುಗ್ಗಿದೆ ಅಂತ ಲೆಕ್ಕ. ನನಗೆ 19 ಹಿಡಿಯಿತು. ಮೂವತ್ತು ವರ್ಷ ಮಕ್ಕಳನ್ನು ಗಣಿತದಲ್ಲಿ ಫೇಲ್ ಮಾಡಿದವಳು ನಾನು!

"ನಡಿಗೆ ಹೃದಯಕ್ಕೆ, ಶುಗರ್‌ಗೆ ಒಳ್ಳೇದೇ ಆಂಟಿ, ಬಿಡಬೇಡಿ. ಆದ್ರೆ ತೊಡೆಗೆ ಅದು ಸಾಲದು" ಅಂದಳು. ಸ್ನಾಯುವಿನಲ್ಲಿ ಎರಡು ಥರದ ಎಳೆಗಳಿವೆಯಂತೆ. ನಿಧಾನದವು ನಡಿಗೆಗೆ ಸಾಕು. ಥಟ್ಟನೆ ಬಲ ಹಾಕುವ ಎಳೆಗಳೇ ವಯಸ್ಸಾದಂತೆ ಹೆಚ್ಚು ಸೊರಗುವುದು. ಎಡವಿದಾಗ ಕಾಲು ಮುಂದಿಟ್ಟು ಬೀಳದ ಹಾಗೆ ಉಳಿಸುವುದೂ ಅವೇ. ಭಾರ ಬೀಳದೆ ಅವು ಮೈಮುರಿಯುವುದಿಲ್ಲ.

ಈ ವಯಸ್ಸಿಗೆ ಭಾರವೇ ಅಂದೆ. 1990ರಲ್ಲಿ ಪ್ರಕಟವಾದ ಬಾಸ್ಟನ್‌ನ ಪ್ರಯೋಗವೊಂದರ ಕಥೆ ಹೇಳಿದಳು. ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದ್ದರು. ಮುಗಿಸಿದವರ ಬಲ ಸರಾಸರಿ ಎರಡೂವರೆ ಪಟ್ಟು ದಾಟಿತ್ತು. ಇನ್ನೇನು ನೆಪ ಹೇಳಲಿ?

ವಾರಕ್ಕೆ ಮೂರು ದಿನ, ಗೋಡೆಗೆ ಒತ್ತರಿಸಿದ ಕುರ್ಚಿಯಲ್ಲಿ ಹತ್ತು ಸಲ ಎದ್ದು ಕೂರುವುದು, ಮೂರು ಸುತ್ತು. ಹಾಲು ಕಾಯುವಷ್ಟು ಹೊತ್ತು ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿಳಿಸುವುದು. ಸಲೀಸಾಯಿತು ಅನ್ನಿಸಿದ ಕೂಡಲೇ ಭಾರ ಏರಿಸಬೇಕು, ಇಲ್ಲದಿದ್ದರೆ ಸುಮ್ನೆ ಕಸರತ್ತು. ಅದಕ್ಕೇ ಅಕ್ಕಿ ಚೀಲ ಅವಚಿಕೊಂಡು ಏಳತೊಡಗಿದೆ. ಮೊದಲು 2 ಕೆಜಿ, ಈಗ 5. "ಅದನ್ನು ಬೇಯಿಸೋದು ಯಾವಾಗ?" ಅಂತ ನಮ್ಮ ಯಜಮಾನರು.

ಮೂರನೇ ವಾರಕ್ಕೇ ಏಳುವುದು ಹಗುರಾಯಿತು. ತೊಡೆ ನೋಡಿದರೆ ಹಾಗೇ ಇದೆ! ಮೊದಮೊದಲು ಸ್ನಾಯು ಅಷ್ಟಾಗಿ ಬೆಳೆಯುವುದಿಲ್ಲ, ಇರುವ ಎಳೆಗಳನ್ನೇ ಚೆನ್ನಾಗಿ ದುಡಿಸಲು ನರಗಳು ಕಲಿಯುತ್ತವಂತೆ. ಬೆಳೆಯಲು ಬೇಳೆ, ಮೊಸರು ಬೇಕು. ರಾತ್ರಿ ಬರೀ ಅನ್ನ-ಸಾರು ಬಿಟ್ಟು ಹೆಸರುಕಾಳು ಉಸಲಿಗೆ ಬಂದೆ.

ನಾಲ್ಕು ತಿಂಗಳಿಗೆ 12 ಸೆಕೆಂಡು. ಈ ಸಲ ಹಬ್ಬಕ್ಕೆ ಗೇಟು ಹಿಡಿಯದೆ ಎದ್ದೆ. ಒಂದು ಕೈ ಮಂಡಿಗೆ ಊರಿದ್ದೆ, ಅದು ಯಜಮಾನರ ಕಣ್ಣಿಗೆ ಬೀಳಲಿಲ್ಲ.