ತೂಬಿನ ಪಕ್ಕದ ಸೋರಿಕೆ ಸಿಕ್ಕಿತು: ದೋರಸಮುದ್ರದ ಟ್ರೇ ಈಗ ನೀರು ಹಿಡಿಯುತ್ತಿದೆ

ಹಳೇಬೀಡಿನ ದೋರಸಮುದ್ರ ಕೆರೆಯ ನನ್ನ ಪುಟ್ಟ ಮಾದರಿಯಲ್ಲಿ ಕೊನೆಗೂ ನೀರು ನಿಂತಿದೆ! ಏರಿಯ ಹಿಂಬದಿ ಬುಡದಲ್ಲಿ ಇಟ್ಟ ಬಟ್ಟಲಿಗೆ ರಾತ್ರಿಯಿಂದ ಬೆಳಗಿನವರೆಗೆ ಒಂದು ಹನಿಯೂ ಬಿದ್ದಿಲ್ಲ. ತೂಬು (ಕೆರೆ ನೀರು ಹೊರಬಿಡುವ ಬಾಗಿಲು) ಎತ್ತಿದರೆ ನೀರು ಕಾಲುವೆಗೆ ಹೋಗುತ್ತದೆ, ಇಳಿಸಿದರೆ ನಿಲ್ಲುತ್ತದೆ. ಮಾದರಿ ಮಾಡುವ ಗೆಳೆಯರಿಗೆ ಈ ಸುಖ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಹಳೇಬೀಡಿನ ಕಥೆಗಳನ್ನು ಒಂದೊಂದು ಟ್ರೇಯಲ್ಲಿ ಒಂದೊಂದಾಗಿ ಮಾಡುತ್ತಿದ್ದೇನೆ. ಮೊದಲನೇದು ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿ. 1133ರಲ್ಲಿ ಹೊಯ್ಸಳ ದಂಡನಾಯಕ ಗಂಗರಾಜನ ಮಗ ಬೊಪ್ಪ ತಂದೆಯ ನೆನಪಿಗೆ ಕಟ್ಟಿಸಿದ್ದು. ಪ್ರತಿಷ್ಠೆಯ ಪ್ರಸಾದ ಹಿಡಿದುಕೊಂಡು ಅರ್ಚಕರು ಬಂಕಾಪುರದಲ್ಲಿದ್ದ ಹೊಯ್ಸಳ ರಾಜ ವಿಷ್ಣುವರ್ಧನನ ಹತ್ತಿರ ಹೋದರು. ರಾಜ ಆಗಷ್ಟೇ ಯುದ್ಧ ಗೆದ್ದಿದ್ದ, ಮಗನೂ ಹುಟ್ಟಿದ್ದ. ಆ ಖುಷಿಯಲ್ಲಿ ದೇವರಿಗೆ ವಿಜಯಪಾರ್ಶ್ವ ಅಂತಲೂ ಮಗುವಿಗೆ ವಿಜಯನರಸಿಂಹ ಅಂತಲೂ ಹೆಸರಿಟ್ಟ. ಆ ಟ್ರೇಯಲ್ಲಿ ಕಷ್ಟ ಕೊಟ್ಟಿದ್ದು ಕಂಬಗಳ ಹೊಳಪು ಒಂದೇ. ಎರಡನೇದು ಗರುಡಗಂಬ. ಇಮ್ಮಡಿ ಬಲ್ಲಾಳನ ಜೊತೆಗೇ ಪ್ರಾಣ ಬಿಡುತ್ತೇನೆ ಅಂತ ವ್ರತ ತೊಟ್ಟಿದ್ದ ಕುವರ ಲಕ್ಷ್ಮ, ಅವನ ಹೆಂಡತಿ, ಅವನ ಗರುಡರು (ಒಡೆಯನ ಜೊತೆಗೇ ಸಾಯುವ ವ್ರತ ತೊಟ್ಟ ಅಂಗರಕ್ಷಕರು) ಇವರ ನೆನಪಿನ ಕಂಬ. ಕಂಬದ ಮೇಲೆ ತಮ್ಮ ತಲೆ ತಾವೇ ಕೊಯ್ದುಕೊಳ್ಳುತ್ತಿರುವ ವೀರರ ಕೆತ್ತನೆ ಇದೆ. ಶಾಸನ ನಡುವೆಯೇ ನಿಂತುಹೋಗಿದೆ. ಅದನ್ನು ಕೆತ್ತುವಾಗ ಕೈ ಭಾರವಾಗಿತ್ತು. ಆ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಮೂರನೇದು ಕೆರೆ. ನನ್ನ ಮಟ್ಟಿಗೆ ಊರಿನ ದೊಡ್ಡ ಕಥೆ ಇದೇ. ಹಳೇಬೀಡಿಗೆ ಹೋದವರೆಲ್ಲ ದೇವಸ್ಥಾನ ನೋಡಿ, ಕೆರೆ ಕಡೆ ಒಂದು ಫೋಟೋ ತೆಗೆದು ಬಸ್ ಹತ್ತುತ್ತಾರೆ. ಆದರೆ ನೀರಿಲ್ಲದೆ ರಾಜಧಾನಿ ಎಲ್ಲಿಂದ ಬರಬೇಕು? 1121ರ ಸುಮಾರಿಗೆ ಕೇತಮಲ್ಲ ಹೊಯ್ಸಳೇಶ್ವರ ದೇವಾಲಯ ಕಟ್ಟಿಸಿದ್ದು ಈ ಕೆರೆ ದಂಡೆಯಲ್ಲಿ. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರ್‌ನ ಸೇನೆ ಬಂದಾಗ ಮುಮ್ಮಡಿ ಬಲ್ಲಾಳ ತಮಿಳು ಸೀಮೆಯಲ್ಲಿದ್ದ. ಓಡೋಡಿ ಬಂದ, ಕೊನೆಗೆ ಕಪ್ಪ ಕೊಟ್ಟು ಶರಣಾದ. ಮುಂದೆ ರಾಜಧಾನಿ ಹೋಯಿತು, ರಾಜವಂಶವೂ ಹೋಯಿತು. ಕೆರೆ ಮಾತ್ರ ಅಲ್ಲೇ ಇದೆ. 2023ರಲ್ಲಿ ಬೇಲೂರು, ಸೋಮನಾಥಪುರದ ಜೊತೆ ಹಳೇಬೀಡಿನ ದೇವಾಲಯಕ್ಕೂ ಯುನೆಸ್ಕೋ ಪಟ್ಟ ಸಿಕ್ಕಿತು. ಸಂತೋಷದ ಸುದ್ದಿ. ಕೆರೆಗೂ ಯಾರಾದರೂ ಒಂದು ಹಾರ ಹಾಕಬೇಕಿತ್ತು ಅಂತ ನನಗೆ ಅನ್ನಿಸಿತು. ಅದಕ್ಕೇ ಈ ಟ್ರೇ.

ಮಾದರಿ 1:25 ಅಳತೆಯಲ್ಲಿದೆ. ಇಡೀ ಕೆರೆ ಅಲ್ಲ, ತೂಬು ಇರುವ ಕಡೆ ಏರಿಯ ಒಂದು ತುಂಡು. ಎತ್ತರ 30 ಸೆಂಟಿಮೀಟರ್, ಅಂದರೆ ನಿಜವಾದ ಏರಿಯಲ್ಲಿ ಏಳೂವರೆ ಮೀಟರ್. ಇದು ದೋರಸಮುದ್ರದ್ದೇ ತೂಬಿನ ನಕಲಲ್ಲ. ನಮ್ಮ ಕಡೆ ಹಳೇ ಕೆರೆಗಳಲ್ಲಿ ಕಾಣುವ ಸಾಮಾನ್ಯ ಮಾದರಿ: ಕೆರೆಯೊಳಗೆ ಎರಡು ಕಲ್ಲುಕಂಬ, ನಡುವೆ ತೂತು ಕೊರೆದ ಅಡ್ಡಕಲ್ಲುಗಳು, ತೂತಿನೊಳಗಿಂದ ಇಳಿಯುವ ಮರದ ಕೋಲು, ಕೋಲಿನ ತುದಿಗೆ ಬಿರಡೆ, ಬಿರಡೆ ಕೂರುವ ಕಲ್ಲಿನ ಕುಣಿ. ಅಲ್ಲಿಂದ ಏರಿಯ ಅಡಿಯಲ್ಲಿ ಆಚೆ ಕಡೆಗೆ ನೀರಿನ ದಾರಿ. ಟ್ರೇ, ಅಕ್ರಿಲಿಕ್ ಗೋಡೆ, ಒಳಬದಿಯ ಕಲ್ಲು ಹಾಸು ಎಲ್ಲ ಮಾಮೂಲಿ ಕೆಲಸ, ನಿಮಗೆ ಗೊತ್ತಿರುವುದೇ.

ಈಗ ವಿಷಯಕ್ಕೆ ಬರುತ್ತೇನೆ. ಏರಿ ಸೋರುತ್ತಿತ್ತು. ನೀರು ತುಂಬಿಸಿದ ಸ್ವಲ್ಪ ಹೊತ್ತಿಗೆ ಹಿಂಬದಿ ಬುಡದಲ್ಲಿ ಜಿನುಗು, ಆಮೇಲೆ ಹನಿ, ಆಮೇಲೆ ಸಣ್ಣ ಧಾರೆ. ಅಮ್ಮ ಟ್ರೇ ಕೆಳಗೆ ಬಕೆಟ್ ತಂದಿಟ್ಟು, "ನಿನ್ನ ಅಚ್ಚುಕಟ್ಟು (ಕೆರೆ ನೀರು ಉಣ್ಣುವ ಜಮೀನು) ಇಲ್ಲೇ ಇದೆ ನೋಡು" ಅಂದರು. ಮನೆಮಂದಿಯೆಲ್ಲ ನಕ್ಕೆವು. ಬಕೆಟ್ ಮಾತ್ರ ತುಂಬುತ್ತಲೇ ಇತ್ತು.

1369ರ ಪೋರುಮಾಮಿಳ್ಳ ಶಾಸನ ಓದಿದವರಿಗೆ ಇದು ನೆನಪಾಗಬೇಕು. ಈಗಿನ ಆಂಧ್ರದ ಕಡಪ ಸೀಮೆಯಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ ಶಾಸನ. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ. ಒಳ್ಳೇ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಾರದ ಆರು ದೋಷಗಳನ್ನೂ ಅದರಲ್ಲಿ ಹೇಳಿದ್ದಾರೆ. ಗಟ್ಟಿ ನೆಲ ಇರಬೇಕು, ಹತ್ತಿರದಲ್ಲಿ ಕಲ್ಲಿನ ಗಣಿ ಇರಬೇಕು, ಕೆಲಸ ಬಲ್ಲ ಜನ ಇರಬೇಕು. ದೋಷಗಳಲ್ಲಿ ಚೌಳು ನೆಲ ಇದೆ, ಎರಡು ರಾಜ್ಯಗಳ ಗಡಿ ಇದೆ, ಕೆರೆ ನಡುವೆ ಆಮೆಬೆನ್ನಿನ ಹಾಗೆ ಎದ್ದ ದಿಬ್ಬ ಇದೆ. ಜೊತೆಗೆ ಏರಿಯಲ್ಲಿ ನೀರು ಒಸರುವುದೂ ಇದೆ. ಆರುನೂರೈವತ್ತು ವರ್ಷದ ಹಿಂದೆ ಕಲ್ಲಿನಲ್ಲಿ ಬರೆದಿಟ್ಟ ಕಾಯಿಲೆ ನನ್ನ ಮೇಜಿನ ಮೇಲೆ ಬಂದು ಕೂತಿತ್ತು.

ಮೊದಲ ಅನುಮಾನ ಮಣ್ಣಿನ ಮೇಲೆ. ನೀರು ತಡೆಯಲು ಏರಿಯ ನಡುವೆ ಹಾಕುವ ಜೇಡಿಗೋಡೆಗೆ ಬೆಂಟೊನೈಟ್ ಅನ್ನುವ ಜೇಡಿಪುಡಿ ಬೆರೆಸೋಣ ಅಂತ ಆನ್‌ಲೈನ್‌ನಲ್ಲಿ ತರಿಸಿದೆ. ಬಂದಿದ್ದು ನುಣ್ಣನೆಯ ಬಿಳಿ ಪುಡಿ. ಒಳ್ಳೇ ಸೋಡಿಯಂ ಬೆಂಟೊನೈಟ್ ಆದರೆ ನೀರು ಕುಡಿದು ಹಲವು ಪಟ್ಟು ಊದಿಕೊಳ್ಳುತ್ತದೆ, ಲೋಳೆಯಾಗುತ್ತದೆ. ಇದು ಗ್ಲಾಸಿನ ನೀರಿಗೆ ಒಂದು ಚಮಚ ಹಾಕಿದರೆ ಸುಮ್ನೆ ತಳಕ್ಕೆ ಇಳಿದು ಮಲಗಿತು. ಬೆಳಿಗ್ಗೆ ನೋಡಿದರೂ ಅಷ್ಟೇ ದಪ್ಪ. ಮಾರಿದವರನ್ನು ಕೇಳಿದರೆ "ಸಾರ್, ಫೇಸ್‌ಪ್ಯಾಕ್‌ಗೆ ತುಂಬಾ ಚೆನ್ನಾಗಿದೆ" ಅಂದರು. ಕೆರೆ ಏರಿಗೆ ಅಂತ ಸ್ಪಷ್ಟವಾಗಿ ಬರೆದು ಕೇಳಿದ್ದೆ, ದುಡ್ಡು ವಾಪಸ್ ಬರಲಿಲ್ಲ. ಇಂಥವರಿಂದ ಹವ್ಯಾಸಿಗಳಿಗೆ ಆಗುವ ನಷ್ಟ ಸಣ್ಣದಲ್ಲ. ನೀವು ತರಿಸುವುದಾದರೆ ದಯವಿಟ್ಟು ಮೊದಲು ಗ್ಲಾಸಿನಲ್ಲಿ ಪರೀಕ್ಷೆ ಮಾಡಿ, ಆಮೇಲೆ ಮಣ್ಣಿಗೆ ಬೆರೆಸಿ.

ಕೊನೆಗೆ ಕೈ ಹಿಡಿದಿದ್ದು ಕುಂಬಾರರ ಹತ್ತಿರ ತಂದ ಕೆರೆಜೇಡಿ. ಹದ ನೋಡುವುದು ಹೀಗೆ: ಸ್ವಲ್ಪ ಜೇಡಿ ತೆಗೆದು ಅಂಗೈಯಲ್ಲಿ ದಾರದ ಹಾಗೆ ಹೊಸೆಯಿರಿ. ಮೂರು ಮಿಲಿಮೀಟರ್ ದಪ್ಪಕ್ಕೆ ಬರುವಾಗ ಬಿರಿದು ತುಂಡಾದರೆ ಇನ್ನೂ ಸ್ವಲ್ಪ ನೀರು ಬೇಕು. ಅದಕ್ಕಿಂತ ಸಣ್ಣಗಾದರೂ ತುಂಡಾಗದೆ, ಕೈಗೆ ಅಂಟದೆ ಇದ್ದರೆ ಹದ ಬಂತು. ತೆಳು ಪದರ ಹಾಕಿ ಕುಟ್ಟಿ, ಮೇಲ್ಮೈ ಗೀರಿ ಮುಂದಿನ ಪದರ ಹಾಕಬೇಕು. ಗೀರದಿದ್ದರೆ ಎರಡು ಪದರದ ನಡುವೆ ನೀರಿಗೆ ದಾರಿ ಬಿಟ್ಟ ಹಾಗೆ.

ಇಷ್ಟಾದರೂ ಸೋರಿಕೆ ನಿಲ್ಲಲಿಲ್ಲ!

ಇಲ್ಲಿ ಅಳತೆಯ ಮಾತು ಸ್ವಲ್ಪ ಹೇಳಬೇಕು. ನೀರಿನ ಮಾದರಿ ಮಾಡುವವರನ್ನೆಲ್ಲ ಇದು ದಾರಿ ತಪ್ಪಿಸುತ್ತದೆ. ಮಣ್ಣಿನೊಳಗೆ ನೀರು ಎಷ್ಟು ಬೇಗ ಸಾಗುತ್ತದೆ ಅನ್ನುವುದು ಎರಡರ ಮೇಲೆ ನಿಂತಿದೆ. ಒಂದು ಮಣ್ಣಿನ ಗುಣ. ಇನ್ನೊಂದು, ನೀರಿನ ಎತ್ತರವನ್ನು ಅದು ಸಾಗಬೇಕಾದ ದೂರದಿಂದ ಭಾಗಿಸಿದರೆ ಬರುವ ಲೆಕ್ಕ. ಮಾದರಿಯಲ್ಲಿ ಎತ್ತರವೂ 25 ಪಟ್ಟು ಕಡಿಮೆ, ದೂರವೂ 25 ಪಟ್ಟು ಕಡಿಮೆ. ಹಾಗಾಗಿ ವೇಗ ಬದಲಾಗುವುದಿಲ್ಲ. ಸಾಗುವ ದೂರ ಮಾತ್ರ ಕಡಿಮೆ. ಅಂದರೆ ನಿಜವಾದ ಏರಿಯಲ್ಲಿ 25 ದಿನಕ್ಕೆ ಆಚೆ ಬರುವ ನೀರು ನನ್ನ ಟ್ರೇಯಲ್ಲಿ ಒಂದೇ ದಿನಕ್ಕೆ ಬರುತ್ತದೆ. ಇನ್ನೊಂದು ತೊಡಕು ತೇವದ್ದು. ಜೇಡಿ ಬೆರೆತ ಮಣ್ಣಿನಲ್ಲಿ ತೇವ ತಾನಾಗೇ ಒಂದು ಮೀಟರ್‌ಗಿಂತ ಮೇಲಕ್ಕೂ ಏರಬಲ್ಲದು. 30 ಸೆಂಟಿಮೀಟರಿನ ಏರಿ ತುದಿಯವರೆಗೂ ಒದ್ದೆ ಕಂಡರೆ ಗಾಬರಿ ಬೇಡ. ಅದು ಸೋರಿಕೆ ಅಲ್ಲ. ಹನಿ ಬಿದ್ದರೆ ಮಾತ್ರ ಸೋರಿಕೆ.

ನನ್ನ ಟ್ರೇಯಲ್ಲಿ ಹನಿ ಬೀಳುತ್ತಿತ್ತು, ಅದೂ ಒಂದು ದಿನ ಕಾಯದೆ. ಇಷ್ಟು ಬೇಗ ಬರುವ ನೀರು ಮಣ್ಣಿನ ಕಣಗಳ ನಡುವೆ ನುಸುಳಿ ಬಂದಿರುವುದು ಸಾಧ್ಯವಿಲ್ಲ, ಎಲ್ಲೋ ತೆರೆದ ದಾರಿ ಇದೆ ಅನ್ನಿಸಿತು. ಹೇಗೆ ಹಿಡಿಯುವುದು? ಬಟ್ಟೆಗೆ ಹಾಕುವ ನೀಲಿ ಪುಡಿ ನೆನಪಾಯಿತು. ಅದು ನೀರಿನಲ್ಲಿ ಕರಗುವ ಬಣ್ಣ ಅಲ್ಲ, ಸಣ್ಣ ಸಣ್ಣ ಕಣ. ಚೆನ್ನಾಗಿ ಕುಟ್ಟಿದ ಜೇಡಿ ಅದನ್ನು ಸೋಸಿ ನಿಲ್ಲಿಸುತ್ತದೆ. ಬಿರುಕು ಇದ್ದರೆ ಮಾತ್ರ ನೀಲಿ ಆಚೆ ಬರುತ್ತದೆ. ಕೆರೆಗೆ ನೀಲಿ ಕದಡಿ ಕಾದೆ. ಬಟ್ಟಲಿಗೆ ಬಿದ್ದ ಮೊದಲ ಹನಿಗಳು ತಿಳಿಯಾಗಿದ್ದವು. ಆಮೇಲೆ ಬಿದ್ದವು ನೀಲಿ. ಕುಣಿದುಬಿಟ್ಟೆ!

ನೀರು ಖಾಲಿ ಮಾಡಿ, ಏರಿಯನ್ನು ತಂತಿಯಿಂದ ಅಡ್ಡಕ್ಕೆ ಕೊಯ್ದೆ. ಮಣ್ಣಿನ ಮೈಯಲ್ಲಿ ಎಲ್ಲೂ ನೀಲಿ ಇಲ್ಲ. ಕೆಂಪು ಮಣ್ಣು ಕೆಂಪಾಗೇ ಇದೆ, ಜೇಡಿ ಬೂದಾಗೇ ಇದೆ. ನೀರಿನ ದಾರಿಗೆ ಅಂತ ಹಾಕಿದ್ದ ಪಿವಿಸಿ ಪೈಪಿನ ಅಡಿಯಲ್ಲಿ ಮಾತ್ರ, ಎರಡೂ ಮಗ್ಗುಲಿಗೆ, ಬಳೆಚೂರಿನಷ್ಟು ಅಗಲದ ನೀಲಿ ಗೆರೆ. ಒಳಬದಿಯಿಂದ ಹೊರಬದಿಯವರೆಗೆ ಒಂದೇ ಸಮ. ಪೈಪ್ ಎತ್ತಿದರೆ ಅದರ ಕೆಳಗೆ ಜೇಡಿ ಹೊಳೆಯುತ್ತಿತ್ತು. ಪೈಪಿಗೆ ಜೇಡಿ ಅಂಟೇ ಇಲ್ಲ.

ಕಾರಣ ನೋಡಿದ ಕೂಡಲೇ ಹೊಳೆಯುತ್ತದೆ. ಪೈಪ್ ದುಂಡಗಿದೆ. ಮೇಲಿನಿಂದ ಎಷ್ಟು ಕುಟ್ಟಿದರೂ ಅದರ ಹೊಟ್ಟೆಯ ಅಡಿಗೆ ಪೆಟ್ಟು ತಲುಪುವುದಿಲ್ಲ. ಅಲ್ಲಿ ಮಣ್ಣು ಸಡಿಲವಾಗೇ ಉಳಿಯುತ್ತದೆ. ಮೇಲಾಗಿ ಪಿವಿಸಿ ನುಣುಪು. ನೀರಿಗೆ ಇನ್ನೇನು ಬೇಕು? ದೊಡ್ಡ ಮಣ್ಣಿನ ಅಣೆಕಟ್ಟುಗಳಲ್ಲೂ ಎಂಜಿನಿಯರ್‌ಗಳು ಹೆಚ್ಚು ಹೆದರುವ ಜಾಗಗಳಲ್ಲಿ ಇದೂ ಒಂದು. ಏರಿಯನ್ನು ಸೀಳಿಕೊಂಡು ಹೋಗುವ ಕಾಲುವೆ, ಅದರ ಮೈಗೂ ಮಣ್ಣಿಗೂ ನಡುವಿನ ಸಂದು. ಮೊದಲು ತಿಳಿ ನೀರು, ಆಮೇಲೆ ಮಣ್ಣು ಹೊತ್ತ ಕೆಂಪು ನೀರು, ಆಮೇಲೆ ಏರಿಯೇ ಹೋಗುತ್ತದೆ.

ಪೈಪ್ ಕಿತ್ತು ಎಸೆದು ಬಳಪದ ಕಲ್ಲಿನ ತೆಳು ಚಪ್ಪಡಿಗಳಿಂದ ಚೌಕ ಕಾಲುವೆ ಕಟ್ಟಿದೆ. ತಳ ಪೂರ್ತಿ ನೆಲಕ್ಕೆ ಕೂತಿದೆ, ಅಡಿಯಲ್ಲಿ ಸಂದಿ ಇಲ್ಲ. ಪಕ್ಕದ ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸದೆ ಮೇಲಕ್ಕೆ ಹೋದಂತೆ ಸ್ವಲ್ಪ ಒಳಕ್ಕೆ ವಾಲಿಸಿದೆ. ಹಾಗೆ ಮಾಡಿದರೆ ಏರಿ ಕುಸಿದು ಕೂರುವಾಗ ಜೇಡಿ ಕಲ್ಲಿಗೆ ಇನ್ನೂ ಒತ್ತಿಕೊಳ್ಳುತ್ತದೆ. ಹೊರಮೈ ಉಜ್ಜಲಿಲ್ಲ, ಒರಟಾಗೇ ಬಿಟ್ಟೆ. ಕಲ್ಲಿಗೆ ಮೊದಲು ತೆಳು ಜೇಡಿನೀರು ಬಳಿದು, ಅದು ಹಸಿ ಇರುವಾಗಲೇ ಹದದ ಜೇಡಿ ಒತ್ತಿದೆ. ಹಳೇ ತೂಬುಗಳ ಒರಟು ಕಲ್ಲಿನ ಕಾಲುವೆಗಳ ಬಗ್ಗೆ ನನಗೆ ಗೌರವ ಇನ್ನೂ ಜಾಸ್ತಿಯಾಯಿತು.

ಕಾಲುವೆ ಸುತ್ತ ಕಾಲರ್ (ಪಕ್ಕದಲ್ಲಿ ನುಸುಳುವ ನೀರನ್ನು ತಡೆಯಲು ಹೊರಚಾಚಿದ ಅಡ್ಡಪಟ್ಟಿ) ಹಾಕುವುದಿಲ್ಲವಾ ಅಂತ ಕೆಲವರು ಕೇಳುತ್ತೀರಿ. ಒಂದೇ ಒಂದು ಹಾಕಿದ್ದೇನೆ, ಜೇಡಿಗೋಡೆಯ ಮಧ್ಯಕ್ಕೆ. ಹತ್ತಿರ ಹತ್ತಿರ ಹಾಕಿದರೆ ನಡುವೆ ಕುಟ್ಟಲು ಕೈ ಹೋಗುವುದಿಲ್ಲ, ಅಲ್ಲಿ ಮತ್ತೆ ಸಡಿಲ ಮಣ್ಣು. ಅದರ ಬದಲು ಕಾಲುವೆಯ ಕೊನೆಯ ಮೂರನೇ ಒಂದು ಭಾಗದ ಸುತ್ತ ತೊಳೆದ ಮರಳು ಹಾಕಿದೆ. ಮುಂದೆ ಎಂದಾದರೂ ನೀರು ನುಸುಳಿ ಬಂದರೂ ಮರಳು ಮಣ್ಣನ್ನು ಹಿಡಿದುಕೊಂಡು ನೀರನ್ನು ಮಾತ್ರ ಬಿಡುತ್ತದೆ.

ಬಿರಡೆ ಅಷ್ಟು ಕಾಡಲಿಲ್ಲ. ತೇಗದ ತುಂಡನ್ನು ಮೊನೆ ಮಾಡಿ ಕುಣಿಗೆ ಕೂರಿಸಿದೆ. ಮೊದಲಿಗೆ ಸುತ್ತಲೂ ನೀರು ಜಾರುತ್ತಿತ್ತು. ಮರ ನೀರು ಕುಡಿದು ಊದಿಕೊಂಡ ಮೇಲೆ ಒಂದು ಹನಿಯೂ ಜಾರದಷ್ಟು ಬಿಗಿ. ಮೇಣ ಬಳಿಯಬೇಡಿ, ಬಳಿದರೆ ಊದುವುದಿಲ್ಲ.

ಇನ್ನೊಂದು ಎಚ್ಚರಿಕೆ. ತುಂಬಿದ ಮೇಲೆ ಕೆರೆಯನ್ನು ಪೂರ್ತಿ ಒಣಗಿಸಬೇಡಿ. ಜೇಡಿ ಒಣಗಿ ಕುಗ್ಗಿದರೆ ಕಲ್ಲಿನಿಂದ ಬಿಟ್ಟುಕೊಳ್ಳುತ್ತದೆ. ತುಂಬಿಸುವಾಗಲೂ ನಿಧಾನ, ಬೆರಳು ಬೆರಳಷ್ಟು ಏರಿಸಿ. ಕೆರೆ ಅಂದರೆ ಕಟ್ಟಿ ಬಿಡುವ ವಸ್ತುವಲ್ಲ. ಹಿಂದಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕೆರೆ ಕಟ್ಟಿದವರಿಗೆ ಕಟ್ಟುಗೊಡಗೆ ಭೂಮಿ, ಕೆರೆಯ ದುರಸ್ತಿಗೆ ಬಿತ್ತುವಟ್ಟ, ಹೂಳು ಎತ್ತುವ ಬಂಡಿಗೆ ದತ್ತಿ, ತೂಬು ನೋಡಿಕೊಳ್ಳಲು ನೀರುಗಂಟಿ. ಶಾಸನಗಳ ತುಂಬ ಇದೇ ಲೆಕ್ಕ. ಯುದ್ಧದ ಸಾಲುಗಳಷ್ಟೇ ಪ್ರೀತಿಯಿಂದ ನಾನು ಈ ಸಾಲುಗಳನ್ನೂ ಓದುತ್ತೇನೆ.

ಕಲ್ಲು ಕೊಯ್ಯುವಾಗ ಉಳಿದ ಬಳಪದ ತುಂಡುಗಳನ್ನು ನೋಡಿ ಮುಂದಿನ ಟ್ರೇಯ ಯೋಚನೆ ಶುರುವಾಗಿದೆ: ಹುಲಿಕೆರೆಯ ಕಲ್ಯಾಣಿ! ಹಳೇಬೀಡಿನ ಹತ್ತಿರದ ಊರು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕೊಳ, ಸುತ್ತ ಸಣ್ಣ ಸಣ್ಣ ಗುಡಿಗಳು. ಒಂದೊಂದು ಗುಡಿಗೂ ಶಿಖರ ಕೆತ್ತಬೇಕು. ಮೆಟ್ಟಿಲಿನ ಮೂಲೆಗಳು ಕೂಡುವ ಜಾಗ ನೋಡಿದರೆ ಈಗಲೇ ಕೈ ತುರಿಸುತ್ತಿದೆ. ಅಲ್ಲಿ ನೀರು ನಿಲ್ಲಿಸುವ ಕಷ್ಟ ಇಲ್ಲ, ರೆಸಿನ್ ಸುರಿದರೆ ಸಾಕು. ಆದರೆ ಕಲ್ಲಿನದೇ ಚಿಂತೆ. ಹೋದ ಸಲ ಒಬ್ಬರು ಕಳಿಸಿದ ಬಳಪದ ಕಲ್ಲಿನ ಪೆಟ್ಟಿಗೆಯಲ್ಲಿ ಅರ್ಧದಷ್ಟು ಬಿರುಕು ಬಿಟ್ಟಿತ್ತು, ಉಳಿದದ್ದರಲ್ಲಿ ಬಿಳಿ ನರ. ಉಳಿ ಇಟ್ಟರೆ ನರದ ಗುಂಟ ಸೀಳುತ್ತದೆ. ಹಸಿರು ಛಾಯೆಯ, ನರ ಇಲ್ಲದ ಕಲ್ಲು ಚಿಕ್ಕ ಪ್ರಮಾಣದಲ್ಲಿ ಕೊಡುವವರು ಗೊತ್ತಿದ್ದರೆ ತಿಳಿಸಿ.

ಅದಕ್ಕೂ ಮೊದಲು ಈ ಟ್ರೇಗೆ ಕೋಡಿ ಆಗಬೇಕು. ಈಗ ಜಾಸ್ತಿ ನೀರು ಸುರಿದರೆ ಏರಿ ಮೇಲೆ ಹರಿದು ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ. ಕೋಡಿಯ ತಲೆ ಏರಿಯ ತಲೆಗಿಂತ ನಾಲ್ಕು ಸೆಂಟಿಮೀಟರ್ ಕೆಳಗೆ ಇಡೋಣ ಅಂತ ಇದ್ದೇನೆ, ಅಂದರೆ ನಿಜದಲ್ಲಿ ಒಂದು ಮೀಟರ್. ಏರಿಯ ಪಕ್ಕಕ್ಕೆ, ಗಟ್ಟಿ ನೆಲದ ಮೇಲೆ, ಕಲ್ಲಿನಲ್ಲೇ. ಭಾನುವಾರ ಚಪ್ಪಡಿ ಕೊಯ್ಯಲು ಶುರು.